ಹಡಗು ನಿಂತಿದೆ, ದಡ ಇನ್ನೂ ದೂರ

ಕ್ರೂಸ್ ಕಂಪನಿಗಳ ಬಣ್ಣದ ಪುಸ್ತಿಕೆಯಲ್ಲಿ ಪ್ರತಿ ಊರಿನ ಹೆಸರಿನ ಮುಂದೆ ಹಡಗು ಬರುವ ಹೊತ್ತು, ಹೊರಡುವ ಹೊತ್ತು ಅಚ್ಚಾಗಿರುತ್ತದೆ. ಕೆಲವು ಊರುಗಳ ಪಕ್ಕದಲ್ಲಿ ಮಾತ್ರ ಲಂಗರಿನ ಪುಟ್ಟ ಚಿತ್ರವೋ ಒಂದು ನಕ್ಷತ್ರದ ಗುರುತೋ ಇರುತ್ತದೆ. ದುಡ್ಡು ಕಟ್ಟುವ ಭರದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಊರಿನಲ್ಲಿ ಹಡಗು ದಕ್ಕೆಗೆ ತಾಗುವುದಿಲ್ಲ, ಕಡಲಲ್ಲೇ ನಿಲ್ಲುತ್ತದೆ, ಅಲ್ಲಿಂದ ದಡಕ್ಕೆ ಚಿಕ್ಕ ದೋಣಿಯಲ್ಲಿ ಹೋಗಬೇಕು ಎಂಬುದು ಅದರ ಅರ್ಥ. ಆ ದೋಣಿಯನ್ನು ಹಡಗಿನವರು ಟೆಂಡರ್ ಎನ್ನುತ್ತಾರೆ.

ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಆರಕ್ಕೆ ಹೊರಡುವ ಹಡಗು ಎಂದರೆ ಊರು ಸುತ್ತಲು ಹನ್ನೊಂದು ಗಂಟೆ ಸಿಕ್ಕಿತು ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕುತ್ತೇವೆ. ದಕ್ಕೆ ಇರುವ ಊರಿನಲ್ಲಿ ಅದು ಹೆಚ್ಚುಕಡಿಮೆ ನಿಜ. ದೋಣಿಯ ಊರಿನಲ್ಲಿ ಚೀಟಿಗೆ ಕಾಯುವುದು, ದೋಣಿಗೆ ಕಾಯುವುದು, ವಾಪಸಾಗುವಾಗ ಮತ್ತೆ ಅದೇ ಸಾಲು. ಕೊನೆಯ ದೋಣಿ ಹಡಗು ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ದಡ ಬಿಟ್ಟಿರುತ್ತದೆ. ಇಷ್ಟೆಲ್ಲ ಕಳೆದ ಮೇಲೆ ಕೈಗೆ ಉಳಿಯುವುದು ಆರೋ ಏಳೋ ಗಂಟೆ. ಹಾಗಿದ್ದೂ ಆ ದೋಣಿಯ ಪರವಾಗಿ ಎರಡು ಮಾತು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ದೋಣಿಯ ಈ ವ್ಯವಹಾರವನ್ನು ಸರಿಯಾಗಿ ನೋಡಬೇಕೆಂದರೆ ಗ್ರೀಸ್‌ನ ಸ್ಯಾಂಟೊರಿನಿಗೆ ಹೋಗಬೇಕು. ಬಿಳಿ ಮನೆ, ನೀಲಿ ಗುಮ್ಮಟಗಳ ಆ ದ್ವೀಪದ ಫೋಟೊ ನೋಡದವರಿಲ್ಲ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗ ಕುಸಿಯಿತು, ಸಮುದ್ರ ಒಳನುಗ್ಗಿತು. ಉಳಿದದ್ದು ಕುಡುಗೋಲಿನಂತೆ ಬಾಗಿದ ಬಂಡೆಗೋಡೆ. ಹಡಗು ಬಂದು ನಿಲ್ಲುವುದು ಜ್ವಾಲಾಮುಖಿಯ ಬಾಯೊಳಗೇ. ನಡುವೆ ಕಪ್ಪು ಕಲ್ಲಿನ ಪುಟ್ಟ ದ್ವೀಪವೊಂದು ತಲೆಯೆತ್ತಿದೆ, ನೆಯಾ ಕಮೆನಿ. ಅದು ಕೊನೆಯ ಸಲ ಬೆಂಕಿ ಕಾರಿದ್ದು 1950ರಲ್ಲಿ.

ಸಮುದ್ರ ತುಂಬಿಕೊಂಡ ಈ ಕುಳಿಯ ಆಳ ಕೆಲವೆಡೆ ಹತ್ತಿರ ಹತ್ತಿರ 400 ಮೀಟರ್. ಲಂಗರು ಬಿಟ್ಟರೆ ನೆಲ ಸಿಕ್ಕುವುದಿಲ್ಲ. ಒಂದೆರಡು ಹಡಗುಗಳು ನೀರಿನಲ್ಲಿ ತೇಲುವ ಬೋಯಿಗೆ ಕಟ್ಟಿಕೊಳ್ಳಬಹುದು. ಉಳಿದವು ಅಡ್ಡಡ್ಡ ತಳ್ಳುವ ಯಂತ್ರಗಳನ್ನು ಇಡೀ ದಿನ ಓಡಿಸುತ್ತ ಇದ್ದಲ್ಲೇ ತೇಲುತ್ತವೆ. ದಡದಲ್ಲಾದರೋ ದೊಡ್ಡ ಹಡಗಿಗೆ ಬೇಕಾದ ದಕ್ಕೆ ಕಟ್ಟಲು ಚಪ್ಪಟೆ ಜಾಗವಿಲ್ಲ. ನೀರಿನಿಂದ ನೇರ ಮೇಲೆದ್ದ ಗೋಡೆ, ಅದರ ನೆತ್ತಿಯ ಮೇಲೆ ಫಿರಾ ಎಂಬ ಪೇಟೆ. ಹೊರಗಿನಿಂದ ನೋಡಿದರೆ ಇಷ್ಟು ಶಾಂತವಾದ ಕೊಲ್ಲಿ ಇನ್ನೊಂದಿಲ್ಲ. 2007ರ ಏಪ್ರಿಲ್ 5ರಂದು ಸೀ ಡೈಮಂಡ್ ಎಂಬ ಕ್ರೂಸ್ ಹಡಗು ಇದೇ ಶಾಂತ ನೀರಿನಲ್ಲಿ ದಡದ ಹತ್ತಿರದ ಬಂಡೆಗೆ ತಾಗಿ ಮಾರನೆಯ ದಿನ ಮುಳುಗಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದಡ ಸೇರಿಸಲಾಯಿತು. ಇಬ್ಬರು ಫ್ರೆಂಚ್ ಪ್ರಯಾಣಿಕರು ಮಾತ್ರ ಸಿಗಲೇ ಇಲ್ಲ. ಹಡಗು ಈಗಲೂ ಅಲ್ಲೇ ತಳದಲ್ಲಿ ಬಿದ್ದಿದೆ. ಅದರ ಮೇಲೆಯೇ ದೋಣಿಗಳು ಓಡಾಡುತ್ತವೆ.

ದೋಣಿ ಹತ್ತುವ ಬೆಳಿಗ್ಗೆಯ ಗದ್ದಲ ನೋಡುವಂಥದ್ದು. ಹಿಂದಿನ ರಾತ್ರಿ ಹಾಡು ಕುಣಿತ ನಡೆದ ಸಭಾಂಗಣವೇ ಬೆಳಗಾಗುವುದರೊಳಗೆ ಬಸ್ ನಿಲ್ದಾಣ. ಬಂದವರಿಗೆ ನಂಬರಿನ ಚೀಟಿ ಕೊಡುತ್ತಾರೆ. ಹಡಗಿನವರದೇ ಪ್ರವಾಸಕ್ಕೆ ದುಡ್ಡು ಕಟ್ಟಿದವರು ಮೊದಲು, ದುಬಾರಿ ಕೋಣೆಯವರು ಅವರ ಜೊತೆಗೆ, ಉಳಿದ ನಾವೆಲ್ಲ ಆಮೇಲೆ. ಧ್ವನಿವರ್ಧಕದಲ್ಲಿ ಒಂದೊಂದೇ ನಂಬರು ಕೂಗುತ್ತಾರೆ. ನಮ್ಮ ಗುಂಪಿನಲ್ಲಿ ದಾವಣಗೆರೆಯ ಕಡೆಯ ನಿವೃತ್ತ ಮೇಷ್ಟ್ರು ದಂಪತಿ ಇದ್ದರು. ಮೇಷ್ಟ್ರಿಗೆ ಹನ್ನೆರಡನೇ ನಂಬರು ಬಂದಿತ್ತು. ಆರನೆಯದನ್ನು ಕೂಗುವಾಗಲೇ ಅವರು ಎದ್ದು ಬಾಗಿಲ ಬಳಿ ನಿಂತರು. "ಕೂತ್ಕೊಳ್ರೀ, ರೇಷನ್ ಅಂಗಡಿ ಅಲ್ಲ ಇದು" ಎಂದು ಮನೆಯವರು ಗದರಿದ ಮೇಲೆ ಬಂದು ಕೂತರು. ಅವರನ್ನು ನೋಡಿ ನಕ್ಕ ಜರ್ಮನ್ ಹೆಂಗಸು ತಾನೂ ಎಂಟನೆಯ ನಂಬರಿಗೇ ಎದ್ದು ಹೋಗಿದ್ದಳು.

ಲಿಫ್ಟಿನಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದರೆ ಹಡಗಿನ ರೂಪವೇ ಬದಲಾಗುತ್ತದೆ. ಕಾರ್ಪೆಟ್ ಮುಗಿದು ಬಣ್ಣ ಬಳಿದ ಕಬ್ಬಿಣದ ನೆಲ ಶುರು. ಡೀಸೆಲ್ಲಿನ ವಾಸನೆ. ಹಡಗಿನ ಮೈಯಲ್ಲೇ ತೆರೆದ ಚೌಕ ಬಾಗಿಲು, ಅದರಾಚೆ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಸಮುದ್ರ. ಹನ್ನೆರಡು ಮಹಡಿ ಮೇಲಿನ ಬಾಲ್ಕನಿಯಿಂದ ನೀಲಿ ಹಾಸಿನಂತೆ ಕಾಣುತ್ತಿದ್ದ ನೀರು ಇಲ್ಲಿ ಸದ್ದು ಮಾಡುತ್ತ ಏಳುತ್ತ ಬೀಳುತ್ತ ಇರುತ್ತದೆ. ದೋಣಿ ಒಮ್ಮೆ ಬಾಗಿಲಿಗಿಂತ ಒಂದಡಿ ಮೇಲೆ, ಮತ್ತೊಮ್ಮೆ ಒಂದಡಿ ಕೆಳಗೆ.

ದಾಟಿಸುವವರಿಗೆ ಇದರಲ್ಲಿ ಒಂದು ಕ್ರಮವಿದೆ. ಹಡಗಿನ ಕಡೆ ಇಬ್ಬರು ಖಲಾಸಿಗಳು, ದೋಣಿಯ ಕಡೆ ಒಬ್ಬರೋ ಇಬ್ಬರೋ. ಪ್ರಯಾಣಿಕರ ಬೆರಳು ಹಿಡಿಯುವುದಿಲ್ಲ. ಒದ್ದೆ ಬೆರಳು ಜಾರುತ್ತದೆ. ಅವರ ಅಂಗೈ ನಮ್ಮ ಮುಂದೋಳನ್ನು ಹಿಡಿಯಬೇಕು, ನಮ್ಮ ಅಂಗೈ ಅವರ ಮುಂದೋಳನ್ನು. ಒಬ್ಬರ ಹಿಡಿತ ತಪ್ಪಿದರೂ ಇನ್ನೊಬ್ಬರದು ಉಳಿಯುತ್ತದೆ. ಅಲೆ ದೋಣಿಯನ್ನು ಎತ್ತಿ ಎರಡೂ ಅಂಚು ಸಮವಾದ ಕ್ಷಣಕ್ಕೆ "ಈಗ" ಎನ್ನುತ್ತಾರೆ. ಆಗ ಒಂದೇ ಹೆಜ್ಜೆ. ನೆಗೆಯಬಾರದು, ಅರ್ಧ ದಾಟಿ ನಿಲ್ಲಲೂಬಾರದು. ಕೈಯಲ್ಲಿ ಫೋನು, ನೀರಿನ ಬಾಟಲಿ ಏನೂ ಇರಕೂಡದು. ಮೇಷ್ಟ್ರು ಮರ್ಯಾದೆಗೆ ಹಸ್ತಲಾಘವ ಕೊಡುವವರ ಹಾಗೆ ಕೈ ಚಾಚಿದರು, ಖಲಾಸಿ ಅದನ್ನು ಬಿಟ್ಟು ತೋಳಿಗೇ ಕೈ ಹಾಕಿದ. ಅವರ ಮನೆಯವರು ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಕಾಲಿಗೆ ಬೂಟು ಹಾಕಿಕೊಂಡು, ಅಲೆ ಬರುವುದನ್ನು ತಾವೇ ನೋಡುತ್ತ ನಿಂತು, ಖಲಾಸಿ ಹೇಳುವ ಮೊದಲೇ ದಾಟಿಬಿಟ್ಟರು. ಗಂಗಾವತಿಯ ಹತ್ತಿರದ ತವರಿನಲ್ಲಿ ತುಂಗಭದ್ರೆಯ ಹರಿಗೋಲು ಹತ್ತಿ ಇಳಿದು ಬೆಳೆದವರಂತೆ. "ಇದೇನು ಮಹಾ" ಎಂದರು.

ಸ್ಯಾಂಟೊರಿನಿಯಲ್ಲಿ ಹಡಗಿನ ಸ್ವಂತ ದೋಣಿಗಳಿಗೆ ಕೆಲಸವಿಲ್ಲ. ಜನರನ್ನು ಸಾಗಿಸುವುದು ದ್ವೀಪದ ದೋಣಿಗಾರರ ಸಂಘದ ಹಕ್ಕು. ಉಳಿದ ಬಹುತೇಕ ಕಡೆ ಟೆಂಡರ್ ಎಂದರೆ ಹಡಗಿನ ಪಕ್ಕೆಯಲ್ಲಿ ಕಿತ್ತಳೆ ಚಾವಣಿ ಹೊತ್ತು ತೂಗಾಡುವ ಜೀವರಕ್ಷಕ ದೋಣಿಯೇ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಜೀವರಕ್ಷಕ ದೋಣಿಯಲ್ಲಿ 150 ಜನಕ್ಕಿಂತ ಹೆಚ್ಚು ಹಿಡಿಸುವಂತಿಲ್ಲ. ವಿಶೇಷ ಅನುಮತಿ ಪಡೆದ ಕೆಲವು ದೈತ್ಯ ಹಡಗುಗಳಲ್ಲಿ ಮಾತ್ರ 370 ಜನರ ದೋಣಿಗಳಿವೆ. ಟೆಂಡರ್ ಆಗಿ ಓಡಿಸುವಾಗ ಅಷ್ಟೂ ಜನರನ್ನು ತುಂಬುವುದಿಲ್ಲ. ಮುಳುಗುವ ಹೊತ್ತಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು ಬೇರೆ, ಬೆನ್ನಿಗೆ ಚೀಲ ಹಾಕಿಕೊಂಡು ಊರು ನೋಡಲು ಹೊರಟಾಗ ಕೂರುವುದು ಬೇರೆ. ನೂರರ ಆಸುಪಾಸಿನ ಜನ ಒಂದು ಸಲಕ್ಕೆ ಎಂದಿಟ್ಟುಕೊಂಡರೆ ಮೂರು ಸಾವಿರ ಜನರ ಹಡಗಿಗೆ ಮೂವತ್ತು ಸಲ ಓಡಾಟ. ಸಂಜೆಗೆ ಮತ್ತೆ ಮೂವತ್ತು.

ಇದೆಲ್ಲ ಗಾಳಿ ಒಪ್ಪಿದರೆ ಮಾತ್ರ. ಏಜಿಯನ್ ಕಡಲಿನಲ್ಲಿ ಬೇಸಿಗೆಯ ನಡುವೆ ಮೆಲ್ಟೆಮಿ ಎಂಬ ಬಡಗಣ ಗಾಳಿ ಏಳುತ್ತದೆ. ಆಕಾಶ ತೊಳೆದಿಟ್ಟಂತೆ ಸ್ವಚ್ಛ, ಬಿಸಿಲು ಚೆನ್ನ, ಆದರೂ ದೋಣಿ ಬಿಡುವುದಿಲ್ಲ. ಕಪ್ತಾನ ಮೊದಲು ಹಡಗನ್ನು ಓರೆಯಾಗಿ ತಿರುಗಿಸಿ ಅದರ ಮರೆಯಲ್ಲಿ ನೀರನ್ನು ಸ್ವಲ್ಪ ತಣ್ಣಗಾಗಿಸಲು ನೋಡುತ್ತಾನೆ. ಅದೂ ಸಾಗದಿದ್ದರೆ ಕ್ಷಮೆ ಕೇಳಿ ಮುಂದಕ್ಕೆ ಹೊರಡುತ್ತಾನೆ. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳಿಗೆ ಹೊರಟವರಿಗೆ ಹೀಗಾಗುವುದು ತೀರ ಸಾಮಾನ್ಯ. ಪೆಂಗ್ವಿನ್ ನೋಡಲು ಭೂಮಿಯ ಇನ್ನೊಂದು ತುದಿಗೆ ಹೋಗಿ ದೂರದರ್ಶಕದಲ್ಲಿ ಊರು ನೋಡಿ ಬಂದವರಿದ್ದಾರೆ. ಇಂಥ ಹೊತ್ತಿನಲ್ಲಿ ಹಡಗಿನ ಸ್ವಾಗತ ಕಟ್ಟೆಯ ಮುಂದೆ ಜಗಳವಾಡುವವರನ್ನು ಕಂಡರೆ ನನಗೆ ಸಹಾನುಭೂತಿ ಹುಟ್ಟುವುದಿಲ್ಲ. ಟಿಕೆಟ್ಟಿನ ಷರತ್ತಿನಲ್ಲಿ ಬಂದರು ತಪ್ಪಬಹುದು ಎಂದು ಬರೆದೇ ಇರುತ್ತದೆ. ದಾಟುವ ಸಾಲಿನಲ್ಲಿ ಎಪ್ಪತ್ತು ದಾಟಿದ ಎಷ್ಟು ಮೊಣಕಾಲುಗಳಿವೆ ಎಂದು ಆ ಕಪ್ತಾನನಿಗೆ ಗೊತ್ತಿರುತ್ತದೆ.

ಸ್ಯಾಂಟೊರಿನಿಯ ನಿಜವಾದ ಪರೀಕ್ಷೆ ದೋಣಿ ಇಳಿದ ಮೇಲೆ. ಹಳೆಯ ಬಂದರು ಸ್ಕಾಲಾದಿಂದ ತಲೆಯೆತ್ತಿದರೆ ಫಿರಾ ಪೇಟೆ 200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಹೋಗಲು ಮೂರು ದಾರಿ: ಕೇಬಲ್ ಕಾರು, ಕತ್ತೆ, ಕಾಲು. ಮೆಟ್ಟಿಲು 588. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿದವರಿಗೆ ಹೆಚ್ಚೇನಲ್ಲ ಅನಿಸೀತು. ಆದರೆ ಇಲ್ಲಿ ಅದೇ ಮೆಟ್ಟಿಲ ಮೇಲೆ ಕತ್ತೆ, ಹೇಸರಗತ್ತೆಗಳು ಸಾಲಾಗಿ ಇಳಿಯುತ್ತಿರುತ್ತವೆ. ನುಣುಪಾದ ಕಲ್ಲು, ಅದರ ಮೇಲೆ ಲದ್ದಿ, ನೆತ್ತಿಯ ಮೇಲೆ ಬಿಸಿಲು. ಪಕ್ಕಕ್ಕೆ ಸರಿದು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಬೆನ್ನು ಹುಣ್ಣಾದ ಪ್ರಾಣಿಗಳ ಚಿತ್ರಗಳು ಹೊರಬಿದ್ದು ಗದ್ದಲವಾದ ಮೇಲೆ 2018ರಲ್ಲಿ ಗ್ರೀಸ್ ನಿಯಮ ತಂದಿತು: 100 ಕಿಲೋ ಅಥವಾ ಪ್ರಾಣಿಯ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರೆ ಹೇರುವಂತಿಲ್ಲ. ನನ್ನನ್ನು ಕೇಳಿದರೆ ಕತ್ತೆ ಹತ್ತಬೇಡಿ. ಹತ್ತಲಾಗದವರು ಕೇಬಲ್ ಕಾರಿಗೆ ಕಾಯಲಿ, ಕಾಯಲಾಗದವರು ಕೆಳಗೇ ಕೂತು ಮೀನು ತಿನ್ನಲಿ.

ಕೇಬಲ್ ಕಾರು ಬಂದದ್ದು 1980ರ ದಶಕದ ಆರಂಭದಲ್ಲಿ, ದ್ವೀಪದವರೇ ಆದ ನೊಮಿಕೋಸ್ ದಂಪತಿಯ ಪ್ರತಿಷ್ಠಾನದ ಕೊಡುಗೆಯಾಗಿ. ಮೇಲೆ ಹೋಗಲು ಕೆಲವೇ ನಿಮಿಷ ಸಾಕು. ತೊಂದರೆ ಇರುವುದು ಗಾತ್ರದಲ್ಲಿ. ಆರಾರು ಜನರ ಪುಟ್ಟ ಡಬ್ಬಿಗಳು. ಎಡೆಬಿಡದೆ ಓಡಿಸಿದರೂ ಗಂಟೆಗೆ ಸುಮಾರು 1200 ಜನರನ್ನು ಸಾಗಿಸಬಹುದು. ಎಂಟು ಸಾವಿರ ಜನ ಒಂದೇ ದಿನ ಬಂದಿಳಿದರೆ ಅವರೆಲ್ಲರನ್ನೂ ಮೇಲೇರಿಸಲು ಆರೂವರೆ ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಮೊದಲು ಹೋದವರು ಇಳಿಯಲು ಬಂದಿರುತ್ತಾರೆ. ಮಧ್ಯಾಹ್ನ ಮೂರರ ನಂತರ ಮೇಲಿನ ನಿಲ್ದಾಣದ ಸಾಲು ಪೇಟೆಯ ಓಣಿಗಳಲ್ಲಿ ಹಾವಿನಂತೆ ಹರಿದಿರುತ್ತದೆ. ಸೂರ್ಯಾಸ್ತ ನೋಡಬೇಕೆಂದು ಓಯಾ ಹಳ್ಳಿಗೆ ಹೋದವರು ಕೊನೆಯ ದೋಣಿಯ ಚಿಂತೆಯಲ್ಲಿ ಸೂರ್ಯನನ್ನು ಬಿಟ್ಟು ಗಡಿಯಾರ ನೋಡುತ್ತಿರುತ್ತಾರೆ.

ಹಡಗಿನ ಪ್ರವಾಸಕ್ಕೆ ದುಡ್ಡು ಕಟ್ಟಿದವರನ್ನು ಬೇರೆ ಕಡೆ, ಅಥಿನಿಯೋಸ್ ಎಂಬ ಫೆರ‍್ರಿ ಬಂದರಿನಲ್ಲಿ ಇಳಿಸುವುದು ರೂಢಿ. ಅಲ್ಲಿಂದ ತಿರುವು ರಸ್ತೆಯಲ್ಲಿ ಬಸ್ಸು ಮೇಲೆ ಒಯ್ಯುತ್ತದೆ. ಬೆಳಗಿನ ಹತ್ತುವ ಸಾಲು ತಪ್ಪುತ್ತದೆ. ಸಂಜೆ ಇಳಿಯುವ ಸಾಲು ಮಾತ್ರ ಎಲ್ಲರಿಗೂ ಒಂದೇ.

ಇಷ್ಟು ಕಷ್ಟವೇಕೆ, ಒಂದು ದಕ್ಕೆ ಕಟ್ಟಿಬಿಡಬಾರದೇ ಎಂದು ಯಾರಿಗಾದರೂ ಅನಿಸುತ್ತದೆ. ನಾವೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡವರೇ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಗುವವರೆಗೆ ದೊಡ್ಡ ಹಡಗುಗಳಿಗೆ ಮಂಗಳೂರಿನ ದಡ ಮುಟ್ಟುವ ಭಾಗ್ಯವಿರಲಿಲ್ಲ. ಅಳಿವೆಬಾಗಿಲಿನ ಹೂಳು ದಾಟಲಾಗದೆ ಅವು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಹಂಚು, ಕಾಫಿ, ಗೋಡಂಬಿ ಎಲ್ಲವೂ ದೋಣಿಯಲ್ಲೇ ಹೋಗಿ ಹಡಗು ಸೇರುತ್ತಿದ್ದವು. ಕರಾವಳಿಯ ಹಳಬರು ಆಗಬೋಟು ಎಂದು ಕರೆಯುತ್ತಿದ್ದ ಉಗಿಹಡಗಿಗೆ ಜನ ಹತ್ತುತ್ತಿದ್ದದ್ದೂ ದೋಣಿಯಿಂದಲೇ. ಮಳೆಗಾಲ ಬಂತೆಂದರೆ ಅದೂ ಬಂದ್. ಇವತ್ತು ಮಂಗಳೂರಿಗೆ ಬರುವ ವಿದೇಶಿ ಕ್ರೂಸ್ ಹಡಗಿನವರು ಮೆಟ್ಟಿಲಿಳಿದು ನೇರ ಬಸ್ಸು ಹತ್ತುತ್ತಾರೆ.

ನಮ್ಮ ಪಕ್ಕದ ಲಕ್ಷದ್ವೀಪದಲ್ಲಿ ದೋಣಿಯ ಕಾಲ ಇನ್ನೂ ಮುಗಿದಿಲ್ಲ. ಆ ದ್ವೀಪಸಮೂಹದ ಉತ್ತರದ ಭಾಗ, ಅಮೀನಿ, ಕಡಮತ್, ಕಿಲ್ತಾನ್ ಮೊದಲಾದವು, 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಈಗ ಎಷ್ಟು ಜನರಿಗೆ ನೆನಪಿದೆಯೋ. ಅಲ್ಲಿ ಹವಳದ ದಿಬ್ಬಗಳ ಆಚೆ ಹಡಗು ನಿಂತು, ಜನ ಪಕ್ಕೆಯ ಬಾಗಿಲಿನಿಂದ ದೋಣಿಗೆ ದಾಟುವುದು ಇಂದಿಗೂ ದಿನದ ಮಾತು. ಮುಂಬೈ, ಕೊಚ್ಚಿಯಿಂದ ಅಗತ್ತಿಗೆ ಕ್ರೂಸಿನಲ್ಲಿ ಹೋಗುವ ಕನ್ನಡಿಗರಿಗೆ ಇದು ಒಂದು ಹೊತ್ತಿನ ಮೋಜು. ದ್ವೀಪದವರು ಅಕ್ಕಿಮೂಟೆ, ಬಾಣಂತಿ, ಆಸ್ಪತ್ರೆಗೆ ಹೊರಟ ಅಜ್ಜನ ಸಮೇತ ಹೀಗೇ ದಾಟಬೇಕು. ಅವರಿಗೆ ದಕ್ಕೆ ಬೇಕು ಎಂದರೆ ಅದರಲ್ಲಿ ಎರಡು ಮಾತಿಲ್ಲ.

ಒಂದು ದಿನದ ಮಟ್ಟಿಗೆ ಬಂದು ಹೋಗುವ ಪ್ರವಾಸಿಗಾಗಿ ದಕ್ಕೆ ಕಟ್ಟುವುದು ಬೇರೆಯೇ ವಿಷಯ. ಕೆರಿಬಿಯನ್ನಿನ ಕೇಮನ್ ದ್ವೀಪದವರು ಇದನ್ನು ವರ್ಷಗಟ್ಟಲೆ ಜಗಳವಾಡಿ ತೀರ್ಮಾನಿಸಿದ್ದಾರೆ. ರಾಜಧಾನಿ ಜಾರ್ಜ್ ಟೌನಿಗೆ ಕ್ರೂಸ್ ದಕ್ಕೆ ಇಲ್ಲ. ಜನ ಬರುವುದು ಸ್ಥಳೀಯ ದೋಣಿಗಳಲ್ಲಿ. ಆರು ಸಾವಿರ ಜನ ಹಿಡಿಯುವ ಅತಿ ದೊಡ್ಡ ಹಡಗುಗಳಿಗೆ ಅಷ್ಟು ಜನರನ್ನು ದೋಣಿಯಲ್ಲಿ ಇಳಿಸಿ ಹತ್ತಿಸುವುದು ಆಗದ ಕೆಲಸ, ಹಾಗಾಗಿ ಅವು ಆ ಕಡೆ ತಲೆಹಾಕುವುದಿಲ್ಲ. ಸರ್ಕಾರ ದಕ್ಕೆ ಕಟ್ಟಲು ಹೊರಟಾಗ ಬಂದರಿನ ಹವಳ ಹಾಳಾಗುತ್ತದೆ, ಸಾಲ ಮೈಮೇಲೆ ಬರುತ್ತದೆ ಎಂದು ಜನ ತಿರುಗಿಬಿದ್ದರು. ಮತದಾರರಲ್ಲಿ ಕಾಲುಭಾಗ ಜನರ ಸಹಿ ಕೂಡಿಸಿ 2019ರಲ್ಲಿ ಜನಮತಗಣನೆಗೆ ಪಟ್ಟು ಹಿಡಿದರು. ಅದು ನ್ಯಾಯಾಲಯದ ಮೆಟ್ಟಿಲೇರಿತು, ಯೋಜನೆ ಬಿದ್ದುಹೋಯಿತು. 2025ರ ಏಪ್ರಿಲ್ 30ರ ಚುನಾವಣೆಯ ಜೊತೆಗೆ ಕೊನೆಗೂ ಮತ ಕೇಳಿದಾಗ ಬಹುಮತ ದಕ್ಕೆ ಬೇಡ ಎಂದಿತು.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಇನ್ನೊಂದು ದೋಣಿಯ ಊರು. ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿರುವ, ಐದಾರು ಸಾವಿರ ಜನರ ಪಟ್ಟಣ. ಅಲ್ಲಿನವರು 2022ರ ನವೆಂಬರಿನಲ್ಲಿ ಮತ ಹಾಕಿ, ದಿನಕ್ಕೆ ಸಾವಿರ ಕ್ರೂಸ್ ಪ್ರಯಾಣಿಕರಿಗಿಂತ ಹೆಚ್ಚು ಮಂದಿ ಇಳಿಯುವಂತಿಲ್ಲ ಎಂದು ಕಟ್ಟು ಮಾಡಿದರು. ಅಂಗಡಿಯವರು, ದೋಣಿಯವರು ಕೋರ್ಟಿಗೆ ಹೋದರು. ಅವರ ಸಿಟ್ಟಿಗೂ ಕಾರಣವಿದೆ, ವರ್ಷದ ದುಡಿಮೆ ಅವರಿಗೆ ಕೆಲವೇ ತಿಂಗಳಲ್ಲಿ ಆಗಬೇಕು. ನಾರ್ವೆಯ ಗೈರಾಂಗರ್ ದಕ್ಕೆಗೂ ದೋಣಿಗೂ ನಡುವಿನ ದಾರಿ ಹಿಡಿಯಿತು. 2013ರಿಂದ ಅಲ್ಲಿ ಮಡಚಿಡಬಹುದಾದ, ಇನ್ನೂರು ಮೀಟರಿಗೂ ಉದ್ದದ ತೇಲುವ ಕಾಲುದಾರಿ ಇದೆ. ಹಡಗು ಬಂದಾಗ ಚಾಚುತ್ತಾರೆ, ಹೋದ ಮೇಲೆ ಮಡಚುತ್ತಾರೆ. ಜಾಣತನ ಒಪ್ಪಬೇಕು. ಆದರೆ ಹಡಗು ದೊಡ್ಡದಾದಷ್ಟೂ ಒಂದೇ ಗಳಿಗೆಯಲ್ಲಿ ಆ ಹಳ್ಳಿಗೆ ನುಗ್ಗುವವರ ಸಂಖ್ಯೆಯೂ ದೊಡ್ಡದೇ.

ದೋಣಿ ಇದ್ದ ಮಾತ್ರಕ್ಕೆ ಊರು ಉಳಿಯುತ್ತದೆ ಎಂದು ನಾನು ಹೇಳಿದರೆ ಸ್ಯಾಂಟೊರಿನಿಯೇ ನನ್ನನ್ನು ಸುಳ್ಳಾಗಿಸುತ್ತದೆ. ಹದಿನೈದು ಸಾವಿರದ ಆಸುಪಾಸಿನ ಜನಸಂಖ್ಯೆಯ ಆ ದ್ವೀಪಕ್ಕೆ ಬೇಸಿಗೆಯ ಕೆಲವು ದಿನ ಹತ್ತು ಸಾವಿರಕ್ಕೂ ಮೀರಿ ಕ್ರೂಸ್ ಪ್ರಯಾಣಿಕರು ಬಂದಿಳಿದದ್ದುಂಟು. ಒಂದೇ ಬೆಳಿಗ್ಗೆ ನಾಲ್ಕೈದು ಹಡಗು ಬಂದು ನಿಂತರೆ ದೋಣಿಗಾರರು ಹೆಚ್ಚು ಸಲ ಓಡಾಡುತ್ತಾರೆ, ಅಷ್ಟೇ. ಕೊನೆಗೆ ದಿನಕ್ಕೆ ಎಂಟು ಸಾವಿರ ಎಂಬ ಮಿತಿ ಹಾಕಬೇಕಾಯಿತು. 2025ರ ಜುಲೈನಿಂದ ಬೇಸಿಗೆಯಲ್ಲಿ ಇಳಿಯುವ ಪ್ರತಿ ಕ್ರೂಸ್ ಪ್ರಯಾಣಿಕರ ಮೇಲೆ 20 ಯೂರೊ, ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಸಾವಿರ ರೂಪಾಯಿ, ಶುಲ್ಕವೂ ಬಂತು. ದೋಣಿ ಊರಿಗೆ ಒಂದು ಬಾಗಿಲು ಕೊಡುತ್ತದೆ, ಅಷ್ಟು ನಿಜ. ಅಗುಳಿ ಹಾಕುವುದೋ ಬಿಡುವುದೋ ಊರಿನವರ ಕೈಯಲ್ಲಿದೆ. ದಕ್ಕೆ ಕಟ್ಟಿದ ಊರಿಗೆ ಆ ಬಾಗಿಲೇ ಇರುವುದಿಲ್ಲ. ಕಟ್ಟಿದ ಸಾಲ ತೀರಿಸಲು ಇನ್ನೂ ದೊಡ್ಡ ಹಡಗನ್ನೇ ಕರೆಯಬೇಕಾಗುತ್ತದೆ.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಮೊದಲ ದೋಣಿಗಳಲ್ಲಿ ಹೋಗಿ, ಇಲ್ಲವೇ ಹತ್ತೂವರೆ ಹನ್ನೊಂದರ ಮೇಲೆ, ಸಾಲು ಕರಗಿದ ನಂತರ ಹೋಗಿ. ನಡುವಿನ ಹೊತ್ತು ಬರೀ ಕಾಯುವುದಕ್ಕೆ. ಜಾರದ ಬೂಟು ಇರಲಿ, ಎರಡೂ ಕೈ ಖಾಲಿ ಇರಲಿ. ಗಾಲಿಕುರ್ಚಿಯಲ್ಲಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವವರು ದೋಣಿಯ ಊರುಗಳು ಎಷ್ಟಿವೆ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ನಾಲ್ಕು ಹೆಜ್ಜೆಯನ್ನಾದರೂ ತಾವೇ ಇಡಲಾರದವರನ್ನು ಅಲೆಯಿದ್ದ ದಿನ ದಾಟಿಸುವುದಿಲ್ಲ. ಗ್ರೀಸ್ ದ್ವೀಪಗಳ ಯಾನದಲ್ಲಿ ಟರ್ಕಿಯ ಬಂದರು ಸೇರಿದ್ದರೆ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರುವಂಥದ್ದೇ ಆಗಿರಬೇಕು. ಕೊನೆಯ ದೋಣಿಗೆ ಬರುತ್ತೇನೆ ಎಂದುಕೊಳ್ಳದೆ ಅದಕ್ಕೆ ಒಂದೂವರೆ ಗಂಟೆ ಮೊದಲೇ ಕೇಬಲ್ ಕಾರಿನ ಸಾಲಿಗೆ ಬನ್ನಿ.

ಇನ್ನು ಹಡಗು ಆರಿಸುವಾಗ ಈಜುಕೊಳ ಎಷ್ಟು, ಊಟದ ಮನೆ ಎಷ್ಟು ಎಂದು ನೋಡುವ ಮೊದಲು ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂದು ನೋಡಿ. ಆರುನೂರು ಜನರ ಹಡಗಿನಿಂದ ಎಲ್ಲರೂ ಇಳಿಯಲು ಆರೇಳು ದೋಣಿ ಸಾಕು. ಟಿಕೆಟ್ಟು ತುಸು ದುಬಾರಿ. ಸ್ಯಾಂಟೊರಿನಿ ನೋಡಲೇಬೇಕು ಎನ್ನುವವರು ಆ ದುಡ್ಡು ಕೊಡುವುದೇ ಲೇಸು.